‘ಚಿತ್ರ ಸ್ಪಷ್ಟವಿಲ್ಲ’ ಎಂದು ಬರೆದ ಚೀಟಿ: ಸಕ್ಕರೆ ಕಾಯಿಲೆಯವರ ಕಣ್ಣಿನ ತಪಾಸಣೆ

ಸಕ್ಕರೆ ಕಾಯಿಲೆ ಇರುವವರು ಕಣ್ಣಿನ ತಪಾಸಣೆ ಮುಗಿಸಿ ಮನೆಗೆ ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಡಾಕ್ಟರ್ ಏನಂದರು?’ ಎಂಬುದು. ‘ಏನೂ ತೊಂದರೆ ಇಲ್ಲ’ ಎಂದರೆ ಮನೆಯವರಿಗೆ ನೆಮ್ಮದಿ. ‘ತೊಂದರೆ ಇದೆ’ ಎಂದರೆ ಚಿಕಿತ್ಸೆಯ ಸಿದ್ಧತೆ. ಆದರೆ ಎಷ್ಟೋ ಜನರ ಚೀಟಿಯಲ್ಲಿ ಇವೆರಡೂ ಇರುವುದಿಲ್ಲ. ‘ಚಿತ್ರ ಸ್ಪಷ್ಟವಿಲ್ಲ’, ‘ಅನುಮಾನವಿದೆ’, ‘ವಿಜಯಪುರದಲ್ಲಿ ತೋರಿಸಿ’ ಎಂದಷ್ಟೇ ಬರೆದಿರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲೂಕುಗಳಲ್ಲಿ ಇಂತಹ ಚೀಟಿ ಕೈಗೆ ಬಂದರೆ ಮನೆಯವರು ಸಾಮಾನ್ಯವಾಗಿ ಎರಡು ರೀತಿ ಯೋಚಿಸುತ್ತಾರೆ. ಕೆಲವರು ಕಣ್ಣೇ ಹೋಯಿತೆಂದು ಗಾಬರಿಯಾಗಿ ಊಟ ನಿದ್ದೆ ಬಿಡುತ್ತಾರೆ. ಇನ್ನು ಕೆಲವರು, ‘ರೋಗ ಇದೆ ಅಂತ ಹೇಳಲಿಲ್ಲವಲ್ಲ, ಹಾಗಾದರೆ ಇಲ್ಲ’ ಎಂದು ಚೀಟಿಯನ್ನು ಡಬ್ಬಿಯಲ್ಲಿಟ್ಟು ಮರೆಯುತ್ತಾರೆ. ಎರಡೂ ಸರಿಯಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ. ಅಸ್ಪಷ್ಟ ಫಲಿತಾಂಶ ಎಂದರೆ ತಪಾಸಣೆ ಇನ್ನೂ ಮುಗಿದಿಲ್ಲ ಎಂದು ಅರ್ಥ. ಅದನ್ನು ಮುಗಿಸುವುದು ಹೇಗೆ, ಅಲ್ಲಿಯವರೆಗೆ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಈ ತಿಂಗಳು ತಿಳಿದುಕೊಳ್ಳೋಣ.

ಕಣ್ಣಿನೊಳಗೆ ಏನಾಗುತ್ತದೆ?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಅಥವಾ ರೆಟಿನಾ ಎಂಬ ತೆಳುವಾದ ಪದರವಿದೆ. ನಾವು ನೋಡುವ ಪ್ರತಿಯೊಂದು ದೃಶ್ಯವೂ ಅದರ ಮೇಲೆ ಮೂಡುತ್ತದೆ. ಅದಕ್ಕೆ ರಕ್ತ ಒದಗಿಸುವ ನಾಳಗಳು ಕೂದಲಿಗಿಂತ ಸಣ್ಣವು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಈ ನಾಳಗಳ ಗೋಡೆ ಸಡಿಲವಾಗುತ್ತದೆ. ಅಲ್ಲಲ್ಲಿ ಉಬ್ಬುತ್ತವೆ, ರಕ್ತ ಮತ್ತು ನೀರಿನಂಶ ಸೋರುತ್ತದೆ. ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಮುಂದಿನ ಹಂತದಲ್ಲಿ, ರಕ್ತ ಸಾಲದ ಜಾಗದಲ್ಲಿ ಹೊಸ ನಾಳಗಳು ಬೆಳೆಯುತ್ತವೆ. ಇವು ಬಹಳ ದುರ್ಬಲವಾಗಿದ್ದು, ಒಡೆದರೆ ಕಣ್ಣಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ಇದನ್ನೇ ವೈದ್ಯರು ಡಯಾಬಿಟಿಕ್ ರೆಟಿನೋಪತಿ ಎನ್ನುತ್ತಾರೆ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿಕೊಂಡರೆ ಓದುವ, ಹೊಲಿಯುವ, ಮುಖ ಗುರುತಿಸುವ ದೃಷ್ಟಿಯೇ ಮಸುಕಾಗುತ್ತದೆ.

ಆರಂಭದಲ್ಲಿ ಇದಕ್ಕೆ ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಗೋಡೆಯ ಮೇಲಿನ ಅಕ್ಷರ ಪಟ್ಟಿಯ ಕೊನೆಯ ಸಾಲನ್ನು ಓದುವವರ ಕಣ್ಣಿನಲ್ಲೂ ರೋಗ ಬೆಳೆಯುತ್ತಿರಬಹುದು. ಆದ್ದರಿಂದ ‘ನನಗೆ ಚೆನ್ನಾಗಿ ಕಾಣುತ್ತದೆ’ ಎಂಬ ಮಾತು ತಪಾಸಣೆಯ ಬದಲಿಗೆ ನಿಲ್ಲುವುದಿಲ್ಲ. ಕನ್ನಡಕದ ನಂಬರ್ ನೋಡಿಸಿಕೊಂಡದ್ದೂ ಈ ತಪಾಸಣೆಯಲ್ಲ.

ಯಾರು, ಯಾವಾಗ ಮಾಡಿಸಬೇಕು?

ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡನೇ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಒಮ್ಮೆ, ನಂತರ ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಆಗಬೇಕು. ಏಕೆಂದರೆ ಈ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಕೆಲವು ವರ್ಷ ದೇಹದಲ್ಲಿ ಇದ್ದಿರಬಹುದು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಮೊದಲ ಬಗೆಯವರಿಗೆ ಪತ್ತೆಯಾದ ಐದು ವರ್ಷದೊಳಗೆ ಆರಂಭಿಸಿದರೆ ಸಾಕು. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಗರ್ಭಾವಸ್ಥೆಯಲ್ಲಿ ಈ ರೋಗ ಬೇಗ ಹೆಚ್ಚಾಗುವ ಸಾಧ್ಯತೆ ಇದೆ.

ಎಷ್ಟು ಜನರಿಗೆ ಈ ತೊಂದರೆ ಇರುತ್ತದೆ? ದೇಶದ ಹತ್ತು ರಾಜ್ಯ ಮತ್ತು ಒಂದು ಕೇಂದ್ರಾಡಳಿತ ಪ್ರದೇಶದಲ್ಲಿ 40 ವರ್ಷ ಮೇಲ್ಪಟ್ಟವರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಕ್ಕರೆ ಕಾಯಿಲೆ ಇರುವ ನೂರು ಮಂದಿಯಲ್ಲಿ ಸುಮಾರು 12 ಮಂದಿಗೆ ರೆಟಿನೋಪತಿ ಇತ್ತು. ದೃಷ್ಟಿಗೆ ಅಪಾಯವಿರುವ ಹಂತದಲ್ಲಿ ಇದ್ದವರು ನೂರಕ್ಕೆ 4. ಅಂದರೆ ಸಕ್ಕರೆ ಕಾಯಿಲೆ ಬಂದವರೆಲ್ಲ ಕುರುಡರಾಗುತ್ತಾರೆ ಎಂಬ ಮಾತು ಸುಳ್ಳು. ಆದರೆ ಆ ನಾಲ್ವರು ಯಾರೆಂದು ಕಣ್ಣಿನ ಒಳಗೆ ನೋಡದೆ ಹೇಳಲಾಗದು.

ಚಿತ್ರ ಏಕೆ ಸ್ಪಷ್ಟ ಬರುವುದಿಲ್ಲ?

ಶಿಬಿರಗಳಲ್ಲಿ ಮತ್ತು ಕೆಲವು ಆಸ್ಪತ್ರೆಗಳಲ್ಲಿ ಫಂಡಸ್ ಕ್ಯಾಮರಾ ಎಂಬ ಯಂತ್ರದಿಂದ ಅಕ್ಷಿಪಟಲದ ಫೋಟೋ ತೆಗೆಯುತ್ತಾರೆ. ಬೆಂಗಳೂರಿನ ಕಂಪನಿಗಳೇ ಇಂತಹ ಸಣ್ಣ ಯಂತ್ರಗಳನ್ನು ತಯಾರಿಸಿವೆ. ಕೆಲವು ಸ್ಮಾರ್ಟ್‌ಫೋನ್ ಜೋಡಿಸಿಕೊಂಡೇ ಕೆಲಸ ಮಾಡುತ್ತವೆ. ತರಬೇತಿ ಪಡೆದ ಸಿಬ್ಬಂದಿ ಫೋಟೋ ತೆಗೆಯುತ್ತಾರೆ, ದೂರದಲ್ಲಿರುವ ವೈದ್ಯರು ಅದನ್ನು ಓದಿ ಅಭಿಪ್ರಾಯ ಕಳಿಸುತ್ತಾರೆ. ಕೆಲವೆಡೆ ಮೊದಲ ಓದನ್ನು ಕಂಪ್ಯೂಟರ್ ಮಾಡುತ್ತದೆ. ಈ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ಚಿತ್ರಗಳನ್ನು ಸಣ್ಣ ಊರುಗಳಲ್ಲಿ ತೆಗೆದು, ಬೆಂಗಳೂರಿನ ನಾರಾಯಣ ನೇತ್ರಾಲಯದ ತಜ್ಞರು ಓದುವ ‘ಕಿಡ್ರಾಪ್’ ಯೋಜನೆ 2008ರಲ್ಲೇ ಆರಂಭವಾಗಿತ್ತು.

ಚಿತ್ರ ಕೆಡಲು ಹಲವು ಕಾರಣಗಳಿವೆ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇರುವವರಲ್ಲಿ ಮತ್ತು ವಯಸ್ಸಾದವರಲ್ಲಿ ಕಣ್ಣಿನ ಪಾಪೆ ಸಣ್ಣದಾಗಿಯೇ ಉಳಿಯುತ್ತದೆ. ಕಿರಿದಾದ ಕಿಟಕಿಯಿಂದ ಕೋಣೆಯ ಒಳಗೆ ನೋಡಿದ ಹಾಗೆ ಅದರ ಮೂಲಕ ಸ್ವಲ್ಪವೇ ಕಾಣುತ್ತದೆ. ಕಣ್ಣಿನ ಪೊರೆ ಇದ್ದರೆ ಚಿತ್ರ ಮಂಜು ಕವಿದಂತೆ ಬರುತ್ತದೆ. ಕಣ್ಣು ಒಣಗಿದ್ದರೂ, ಫ್ಲ್ಯಾಶ್ ಬಂದಾಗ ರೆಪ್ಪೆ ಮುಚ್ಚಿದರೂ, ತಲೆ ಅಲುಗಿದರೂ ಹೀಗಾಗುತ್ತದೆ. ಶಿಬಿರ ನಡೆಯುವ ಕೋಣೆ ಸಾಕಷ್ಟು ಕತ್ತಲಾಗಿರದಿದ್ದರೆ ಪಾಪೆ ಹಿಗ್ಗುವುದಿಲ್ಲ. ಇವೆಲ್ಲ ಸರಿಪಡಿಸಬಹುದಾದ ಕಾರಣಗಳು. ಅಪರೂಪಕ್ಕೆ, ಕಣ್ಣಿನೊಳಗೆ ರಕ್ತ ಸೋರಿರುವುದರಿಂದಲೇ ಚಿತ್ರ ಮಸುಕಾಗಿರುತ್ತದೆ. ಆಗ ಮಸುಕೇ ರೋಗದ ಸುಳಿವು.

ಇದು ನಮ್ಮ ಊರಿನ ಕೊರತೆ ಮಾತ್ರವಲ್ಲ. ಥೈಲ್ಯಾಂಡ್‌ನ ಆರೋಗ್ಯ ಕೇಂದ್ರಗಳಲ್ಲಿ ಗೂಗಲ್ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯನ್ನು ಬಳಸಿ ನೋಡಿದಾಗ, ಮೊದಲ ಆರು ತಿಂಗಳಲ್ಲಿ ಕೊಟ್ಟ 1838 ಚಿತ್ರಗಳಲ್ಲಿ ಶೇ. 21ರಷ್ಟನ್ನು ‘ಓದಲಾಗದು’ ಎಂದು ಅದು ತಿರಸ್ಕರಿಸಿತು. ಕೋಣೆಯ ಬೆಳಕು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಆದ್ದರಿಂದ ಚಿತ್ರ ಸರಿ ಬರಲಿಲ್ಲವೆಂದು ಹಿರಿಯರನ್ನು, ‘ನೀವು ಸರಿಯಾಗಿ ಕೂರಲಿಲ್ಲ’ ಎಂದು ಗದರಿಸಬೇಡಿ.

ಚೀಟಿಯ ಮಾತುಗಳ ಅರ್ಥ

‘ರೆಟಿನೋಪತಿ ಇಲ್ಲ’ ಎಂದರೆ ಇಂದು ಇಲ್ಲ ಎಂದರ್ಥ. ಮುಂದಿನ ವರ್ಷ ಮತ್ತೆ ಹೋಗಬೇಕು.

‘ಸೌಮ್ಯ’ ಅಥವಾ ‘ಮೈಲ್ಡ್’ ಎಂದರೆ ನಾಳಗಳಲ್ಲಿ ಸಣ್ಣ ಉಬ್ಬುಗಳು ಮಾತ್ರ ಕಂಡಿವೆ. ಸಾಮಾನ್ಯವಾಗಿ ಕಣ್ಣಿಗೆ ಚಿಕಿತ್ಸೆ ಬೇಡ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ತಂದು, ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ತೋರಿಸಬೇಕು.

‘ಮಧ್ಯಮ’ ಎಂದರೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡಬೇಕು. ‘ತೀವ್ರ’ ಎಂದರೆ ಮೂರು ತಿಂಗಳಿಗಿಂತ ಮೊದಲೇ ತಜ್ಞರ ಕೈಯಲ್ಲಿರಬೇಕು. ‘ಪ್ರಾಲಿಫರೇಟಿವ್’ ಎಂದಾಗಲಿ, ಮ್ಯಾಕ್ಯುಲಾದ ನಡುವೆ ಊತವಿದೆ ಎಂದಾಗಲಿ ಬರೆದಿದ್ದರೆ ಒಂದು ತಿಂಗಳೊಳಗೆ ಅಕ್ಷಿಪಟಲ ತಜ್ಞರನ್ನು ಕಾಣಲೇಬೇಕು. ವೈದ್ಯರು ಇನ್ನೂ ಬೇಗ ಬರಹೇಳಿದರೆ ಅವರ ಮಾತೇ ಅಂತಿಮ.

‘ಚಿತ್ರ ಸ್ಪಷ್ಟವಿಲ್ಲ’ ಎಂದಿದ್ದರೆ ಅದನ್ನು ‘ರೋಗವಿಲ್ಲ’ ಎಂಬ ಲೆಕ್ಕಕ್ಕೆ ಸೇರಿಸಬೇಡಿ. ಪೊರೆ, ಸಣ್ಣ ಪಾಪೆ, ರಕ್ತಸ್ರಾವ ಇವೆಲ್ಲ ಹಳೆಯ ಸಕ್ಕರೆ ಕಾಯಿಲೆಯ ಜೊತೆಗೇ ಬರುವುದರಿಂದ, ಚಿತ್ರ ಸಿಗದವರ ಗುಂಪಿನಲ್ಲಿ ರೋಗವಿರುವವರು ಸ್ವಲ್ಪ ಹೆಚ್ಚೇ ಇರಬಹುದು. ಇಂಗ್ಲೆಂಡ್‌ನ ಸರ್ಕಾರಿ ತಪಾಸಣಾ ಯೋಜನೆಯಲ್ಲಿ ಚಿತ್ರ ಓದಲಾಗದವರನ್ನು ಹಾಗೇ ಬಿಡುವುದಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಪರೀಕ್ಷಿಸಲು ಕರೆಯುತ್ತಾರೆ. 2003ರಲ್ಲಿ ಆರಂಭವಾದ ಆ ಯೋಜನೆಯ ನಂತರ, ದುಡಿಯುವ ವಯಸ್ಸಿನವರ ಅಂಧತ್ವದ ಕಾರಣಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಮೊದಲ ಸ್ಥಾನದಿಂದ ಕೆಳಗಿಳಿಯಿತೆಂದು 2014ರಲ್ಲಿ ವರದಿಯಾಯಿತು. ಕನಿಷ್ಠ ಐದು ದಶಕಗಳಲ್ಲಿ ಅದು ಮೊದಲ ಸಲ.

ಕಾಯುವ ದಿನಗಳ ಚಿಂತೆ

ರೋಗ ಇದೆಯೋ ಇಲ್ಲವೋ ತಿಳಿಯದೆ ಕಾಯುವುದು ಕಷ್ಟ. ರಾತ್ರಿ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆ ನೋಡುವುದು, ಮಕ್ಕಳ ಮುಂದೆ ಹೇಳಿಕೊಳ್ಳದಿರುವುದು, ಮುಂದೆ ಕುರ್‌ಆನ್ ಓದಲಾಗುತ್ತದೋ ಇಲ್ಲವೋ ಎಂದು ಒಳಗೇ ಕೊರಗುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆಟೋ, ಟೆಂಪೊ ಓಡಿಸುವವರಿಗೆ ಮತ್ತು ಹೊಲಿಗೆ ಮಾಡುವವರಿಗೆ ದುಡಿಮೆಯದೇ ಚಿಂತೆ.

ಇಲ್ಲಿ ಸಮಾಧಾನದ ಒಂದು ನಿಜವಿದೆ. ಈ ರೋಗ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ವೈದ್ಯರು ‘ಮೂರು ವಾರದೊಳಗೆ ಬನ್ನಿ’ ಎಂದರೆ ಆ ಮೂರು ವಾರ ಕಾಯಬಹುದು ಎಂದೇ ಅವರು ಲೆಕ್ಕ ಹಾಕಿರುತ್ತಾರೆ. ಆದ್ದರಿಂದ ಚೀಟಿ ಪಡೆಯುವಾಗಲೇ ಮೂರು ಪ್ರಶ್ನೆ ಕೇಳಿ. ಚಿತ್ರ ಸ್ಪಷ್ಟವಾಗದ್ದು ಯಾವ ಕಣ್ಣಿನದು, ಏಕೆ? ಎಷ್ಟು ದಿನದೊಳಗೆ ಮತ್ತೆ ತೋರಿಸಬೇಕು? ಎಲ್ಲಿ, ಯಾವ ದಿನ ತಜ್ಞರು ಸಿಗುತ್ತಾರೆ? ಉತ್ತರವನ್ನು ಚೀಟಿಯ ಹಿಂಭಾಗದಲ್ಲಿ ಬರೆಸಿಕೊಳ್ಳಿ. ತಾರೀಖು ಗೊತ್ತಾದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಈ ಲಕ್ಷಣಗಳು ಕಂಡರೆ ಮಾತ್ರ ತಾರೀಖಿಗೆ ಕಾಯಬೇಡಿ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ: ಒಮ್ಮೆಲೇ ಕಣ್ಣ ಮುಂದೆ ಕಪ್ಪು ಚುಕ್ಕೆ ಅಥವಾ ಜೇಡರ ಬಲೆಯಂತೆ ತೇಲುವುದು, ಮಿಂಚಿದಂತೆ ಕಾಣುವುದು, ಒಂದು ಕಡೆಯಿಂದ ಪರದೆ ಇಳಿದಂತಾಗುವುದು, ದೃಷ್ಟಿ ಹಠಾತ್ತಾಗಿ ಮಸುಕಾಗುವುದು.

ಮನೆಯವರಿಗೂ ಒಂದು ಮಾತು. ‘ಸಿಹಿ ತಿಂದದ್ದಕ್ಕೇ ಹೀಗಾಯಿತು’ ಎಂದು ಚುಚ್ಚಬೇಡಿ. ತಪ್ಪಿತಸ್ಥ ಭಾವನೆ ಬಂದವರು ಮುಂದಿನ ತಪಾಸಣೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ವಿಷಯವನ್ನು ರೋಗಿಯಿಂದ ಮುಚ್ಚಿಡಲೂ ಬೇಡಿ. ಕಣ್ಣು ಅವರದು, ಅವರಿಗೆ ಗೊತ್ತಿರಬೇಕು. ದುಆ ಮಾಡಿ, ಜೊತೆಗೆ ಬಸ್ಸಿನ ಸಮಯವನ್ನೂ ವಿಚಾರಿಸಿ. ತವಕ್ಕುಲ್ ಎಂದರೆ ತಾರೀಖು ತಪ್ಪಿಸುವುದಲ್ಲ.

ಮುಂದಿನ ಪರೀಕ್ಷೆಗೆ ಹೊರಡುವಾಗ

ಮೊದಲು ನಿಮ್ಮ ತಾಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಮತ್ತು ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. ಹನಿ ಹಾಕಿ ಮತ್ತೊಮ್ಮೆ ನೋಡಿದರೆ ಕೆಲವರಿಗೆ ಅಲ್ಲೇ ಉತ್ತರ ಸಿಗಬಹುದು. ಇಲ್ಲವಾದರೆ ವಿಜಯಪುರಕ್ಕೆ ಹೋಗಬೇಕು. ಬಸವನ ಬಾಗೇವಾಡಿಯಿಂದ ಸುಮಾರು 45, ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80 ಕಿಲೋಮೀಟರ್ ದಾರಿ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ನೇತ್ರ ವಿಭಾಗಗಳಿವೆ. ಅಕ್ಷಿಪಟಲ ಪರೀಕ್ಷೆಗೆ ಯಾವ ದಿನ ಬರಬೇಕೆಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಇದ್ದರೆ ಸಾಕು. ಆದ್ದರಿಂದ ‘ಗಂಡಸರಿಗೆ ಬಿಡುವಾದಾಗ ನೋಡೋಣ’ ಎಂದು ಅಮ್ಮಂದಿರ ತಪಾಸಣೆಯನ್ನು ಮುಂದೂಡಬೇಡಿ. ಮಗಳೋ ಸೊಸೆಯೋ ಜೊತೆಗೆ ಹೋಗಿ ಬರಬಹುದು. ಇಂಡಿ, ಚಡಚಣ ಕಡೆಯವರು ಸೋಲಾಪುರಕ್ಕೂ ಹೋಗುತ್ತಾರೆ. ಅದು ಮಹಾರಾಷ್ಟ್ರವಾದ್ದರಿಂದ ಅಲ್ಲಿಗೆ ಶಕ್ತಿ ಟಿಕೆಟ್ ನಡೆಯುವುದಿಲ್ಲ, ಚಿಕಿತ್ಸೆಯ ಖರ್ಚನ್ನೂ ಮೊದಲೇ ಕೇಳಬೇಕು.

ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಎಂದಿನಂತೆ ಊಟ ಮಾಡಿ, ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಹೋಗಿ. ಹಳೆಯ ಚೀಟಿಗಳು, ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿ, ಮಾತ್ರೆಗಳ ಪಟ್ಟಿ, ಕನ್ನಡಕ, ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿರಲಿ. ದಾರಿಯಲ್ಲಿ ಸಕ್ಕರೆ ಇಳಿದರೆ ಬೇಕಾಗುತ್ತದೆಂದು ಒಂದಿಷ್ಟು ಬೆಲ್ಲ ಅಥವಾ ಬಿಸ್ಕತ್ತು ಇಟ್ಟುಕೊಳ್ಳಿ.

ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಕಾಯಬೇಕು. ನಂತರ ನಾಲ್ಕಾರು ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ನಮ್ಮ ಜಿಲ್ಲೆಯ ಬಿಸಿಲಿಗೆ ಕಪ್ಪು ಕನ್ನಡಕ ಅಥವಾ ಕೊಡೆ ಬೇಕೇ ಬೇಕು. ಅಂದು ಬೈಕ್, ಆಟೋ ಓಡಿಸಬಾರದು. ಹನಿ ಹಾಕಿದ ನಂತರ ವಿಪರೀತ ಕಣ್ಣು ನೋವು, ವಾಂತಿ ಬಂದರೆ ಕೂಡಲೇ ಆಸ್ಪತ್ರೆಗೆ ಮರಳಬೇಕು.

ತಜ್ಞರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುತ್ತಾರೆ. ಮ್ಯಾಕ್ಯುಲಾ ಊದಿರುವ ಅನುಮಾನವಿದ್ದರೆ ಓಸಿಟಿ ಎಂಬ ನೋವಿಲ್ಲದ ಸ್ಕ್ಯಾನ್ ಮಾಡುತ್ತಾರೆ. ಪೊರೆ ಅಥವಾ ರಕ್ತದಿಂದ ಒಳಗೆ ಏನೂ ಕಾಣದಿದ್ದರೆ ಅಲ್ಟ್ರಾಸೌಂಡ್ ಇದೆ. ಅಂದರೆ ಫೋಟೋ ಸೋತಲ್ಲಿ ಉತ್ತರ ಹುಡುಕಲು ಬೇರೆ ದಾರಿಗಳಿವೆ.

ರೋಗ ಕಂಡರೆ?

ಆಗಲೂ ಬಾಗಿಲು ಮುಚ್ಚಿಲ್ಲ. ಲೇಸರ್ ಚಿಕಿತ್ಸೆಯಿಂದ ತೀವ್ರ ದೃಷ್ಟಿನಾಶದ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತು. ಈಗ ಮ್ಯಾಕ್ಯುಲಾದ ಊತಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಮರಗಟ್ಟಿಸುವ ಹನಿ ಹಾಕಿ ಕೊಡುವುದರಿಂದ ಹೆಸರು ಕೇಳಿ ಹೆದರುವಷ್ಟು ನೋವಿರುವುದಿಲ್ಲ. ರಕ್ತ ತುಂಬಿಕೊಂಡು ಕರಗದಿದ್ದರೆ ಶಸ್ತ್ರಚಿಕಿತ್ಸೆ ಇದೆ. ಈ ಚಿಕಿತ್ಸೆಗಳು ಉಳಿದ ದೃಷ್ಟಿಯನ್ನು ಕಾಪಾಡುವಷ್ಟು ಸಮರ್ಥವಾಗಿ ಕಳೆದುಹೋದದ್ದನ್ನು ಮರಳಿ ತರಲಾರವು. ಬೇಗ ಹೋಗಬೇಕು ಎನ್ನುವುದು ಇದಕ್ಕೇ. ಬಿಪಿಎಲ್ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಹೇಳಿದ ಚಿಕಿತ್ಸೆ ಸೇರಿದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಕೇಳಿ ಮುಂದುವರಿಯಲಿ.

ಸಕ್ಕರೆಯ ಹತೋಟಿ ಎಲ್ಲಕ್ಕೂ ಅಡಿಪಾಯ. ಮೊದಲ ಬಗೆಯ ಸಕ್ಕರೆ ಕಾಯಿಲೆಯವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ಹೊಸದಾಗಿ ರೆಟಿನೋಪತಿ ಬರುವ ಸಾಧ್ಯತೆ ಶೇ. 76ರಷ್ಟು ತಗ್ಗಿತು. ರಕ್ತದೊತ್ತಡವನ್ನೂ ಮರೆಯಬೇಡಿ. ತಂಬಾಕು ಬಿಡಿ.

ವುಝೂ, ನಮಾಝ್, ಉಪವಾಸ, ಸುರ್ಮಾ

ತಪಾಸಣೆಯ ಹನಿಯಿಂದ ವುಝೂ, ನಮಾಝಿಗೆ ಅಡ್ಡಿಯಿಲ್ಲ. ಆದರೆ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಕಣ್ಣಿಗೆ ನಲ್ಲಿ ನೀರು ತಾಗಬಾರದು ಎನ್ನುತ್ತಾರೆ. ಕೆಲವರಿಗೆ ತಲೆ ಬಗ್ಗಿಸಬಾರದೆಂದೂ ಹೇಳುತ್ತಾರೆ. ಎಷ್ಟು ದಿನ ಎಂದು ವೈದ್ಯರಲ್ಲಿ ಕೇಳಿ, ಮುಖ ತೊಳೆಯುವ ಮತ್ತು ಸಜ್ದಾದ ವಿಷಯದಲ್ಲಿ ಏನು ಮಾಡಬೇಕೆಂದು ಆಲಿಮರಲ್ಲಿ ಕೇಳಿಕೊಳ್ಳಿ. ರೋಗಿಗೆ ರಿಯಾಯಿತಿ ಇದ್ದೇ ಇದೆ.

ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲ ಎಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ನಿರ್ಣಯಿಸಿದೆ. ಸಂದೇಹವಿದ್ದರೆ ನಿಮ್ಮ ಆಲಿಮರನ್ನು ಕೇಳಿ, ಆದರೆ ರಮಝಾನ್ ಮುಗಿಯಲೆಂದು ತುರ್ತು ಚಿಕಿತ್ಸೆಯನ್ನು ನಿಲ್ಲಿಸಬೇಡಿ. ವರ್ಷದ ತಪಾಸಣೆಯನ್ನು ಶಅಬಾನ್ ತಿಂಗಳಲ್ಲೇ ಮುಗಿಸಿಕೊಂಡರೆ ಅನುಕೂಲ. ಉಪವಾಸ ಮಾಡಬಹುದೇ ಎಂದು ವೈದ್ಯರನ್ನು ಅದೇ ಹೊತ್ತಿಗೆ ಕೇಳಿಕೊಳ್ಳಬಹುದು.

ಪೇಟೆಯಲ್ಲಿ ಸಿಗುವ ಅನೇಕ ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ತಪಾಸಣೆಯ ದಿನ ಮತ್ತು ಚಿಕಿತ್ಸೆಯ ನಂತರ ಅದನ್ನು ಹಚ್ಚಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಜೇನು, ಗುಲಾಬಿ ನೀರು, ಸೊಪ್ಪಿನ ರಸವನ್ನು ಕಣ್ಣಿಗೆ ಬಿಡುವುದರಿಂದ ಅಕ್ಷಿಪಟಲದ ರೋಗ ಹೋಗುವುದಿಲ್ಲ, ಸೋಂಕು ಬರಬಹುದು.

ಶಿಬಿರ ನಡೆಸುವ ಜಮಾಅತ್‌ಗಳಿಗೆ

ಮಸೀದಿ, ಶಾಲೆಗಳಲ್ಲಿ ಉಚಿತ ಶಿಬಿರ ನಡೆಸುವುದು ಒಳ್ಳೆಯ ಕೆಲಸ. ಆದರೆ ಬಂದವರ ಸಂಖ್ಯೆ ಎಣಿಸುವಲ್ಲಿಗೆ ಕೆಲಸ ಮುಗಿಯಬಾರದು. ಕತ್ತಲೆ ಮಾಡಬಹುದಾದ ಕೋಣೆ ಕೊಡಿ. ಚಿತ್ರಗಳನ್ನು ಯಾರು ಓದುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂದು ಶಿಬಿರಕ್ಕೆ ಬರುವ ತಂಡವನ್ನು ಕೇಳಿ. ಚಿತ್ರ ಸ್ಪಷ್ಟವಾಗದವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಬೇರೆಯಾಗಿ ಇಟ್ಟುಕೊಂಡು, ಇಬ್ಬರು ಯುವಕರಿಗೆ ಮತ್ತು ಇಬ್ಬರು ಸಹೋದರಿಯರಿಗೆ ಹೊಣೆ ವಹಿಸಿ. ಅವರು ಒಂದು ವಾರದ ನಂತರ ಫೋನ್ ಮಾಡಿ, ‘ಹೋಗಿ ಬಂದಿರಾ?’ ಎಂದು ಕೇಳಲಿ. ಹೋಗಲಾಗದವರಿಗೆ ಜೊತೆ ಕಳಿಸಲಿ. ಶಿಬಿರದಿಂದ ಉಳಿಯುವ ಕಣ್ಣುಗಳು ಹೆಚ್ಚಾಗಿ ಈ ಫೋನ್ ಕರೆಯಿಂದಲೇ ಉಳಿಯುತ್ತವೆ.

ಈ ವಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರ ಕಣ್ಣಿನ ಚೀಟಿಯನ್ನು ಹುಡುಕಿ ನೋಡಿ. ಒಂದು ವರ್ಷ ಕಳೆದಿದ್ದರೆ ತಾರೀಖು ಗೊತ್ತು ಮಾಡಿ. ‘ಸ್ಪಷ್ಟವಿಲ್ಲ’ ಎಂಬ ಮಾತು ಕಂಡರೆ, ಆ ತಪಾಸಣೆ ಇನ್ನೂ ಬಾಕಿ ಇದೆ. ಇನ್ಶಾ ಅಲ್ಲಾಹ್, ಈ ತಿಂಗಳೊಳಗೇ ಅದನ್ನು ಮುಗಿಸಿ.